ಗ್ರೀಸ್ ಪಂಪ್ ಟಕಟಕ ಓಡುತ್ತೆ, ಗ್ರೀಸ್ ಬರಲ್ಲ: ಅನುಭವ ಇದ್ದವರು ಹೇಳಿ

ಕೇಳಿದವರು: ಸಾಗರ ರಸ್ತೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ದು ಲಾರಿ, ಟಿಪ್ಪರ್ ವಾಟರ್ ಸರ್ವಿಸ್ ಮಾಡೋ ಶೆಡ್. ಏರ್‌ನಲ್ಲಿ ಓಡೋ ಗ್ರೀಸ್ ಪಂಪ್ ಇದೆ, 50:1, ಬಕೆಟ್ ಮೇಲೆ ಕೂರೋ ಮಾಡೆಲ್. ಮಳೆಗಾಲ ಹಿಡಿದಾಗಿಂದ ಒಂದಲ್ಲ ಒಂದು ತಕರಾರು. ಒಂದೊಂದ್ಸಲ ಸುಮ್ನೆ ಟಕಟಕ ಓಡ್ತಿರುತ್ತೆ, ಗನ್‌ನಲ್ಲಿ ಗ್ರೀಸ್ ಇಲ್ಲ. ಇನ್ನೊಂದ್ಸಲ ಗ್ರೀಸ್ ಬರುತ್ತೆ, ಆದ್ರೆ ಗನ್ ಬಿಟ್ಟ ಮೇಲೂ ಪಂಪ್ ನಿಲ್ಲಲ್ಲ. ಪಂಪಿನ ಏರ್ ಹೊರಬಿಡೋ ಸೈಲೆನ್ಸರ್‌ನಿಂದ ನೀರು ಉಗುಳುತ್ತೆ. ಮೆಕ್ಯಾನಿಕ್ ಕೇಳಿದ್ರೆ ಪೂರ್ತಿ ಬಿಚ್ಚಿ ಮೇಲಿನದು, ಕೆಳಗಿನದು ಎರಡೂ ರಿಪೇರಿ ಕಿಟ್ (ಸೀಲ್, ವಾಲ್ವ್ ಸೆಟ್) ಹಾಕ್ಬೇಕು ಅಂತಾರೆ. ಅಷ್ಟು ದುಡ್ಡು ಹಾಕೋಕೆ ಮುಂಚೆ ನಾವೇ ನೋಡ್ಬಹುದಾದ್ದು ಏನಾದ್ರೂ ಇದ್ಯಾ?

ಮಾಚೇನಹಳ್ಳಿಯಿಂದ, ಫ್ಯಾಕ್ಟರಿ ಮೇಂಟೆನೆನ್ಸ್

ಸರ್, ಸ್ಪ್ಯಾನರ್ ಮುಟ್ಟೋಕೆ ಮುಂಚೆ ಪಂಪ್ ಎದುರು ನಿಂತು ನೋಡಿ. ಮೇಲಿರೋದು ಏರ್ ಮೋಟರ್, ಅದರೊಳಗೆ ದೊಡ್ಡ ಪಿಸ್ಟನ್. ಕೆಳಗೆ ಬಕೆಟ್ಟಲ್ಲಿ ಮುಳುಗಿರೋ ಟ್ಯೂಬ್‌ನಲ್ಲಿ ಸಣ್ಣ ಪ್ಲಂಜರ್. 50:1 ಅಂದ್ರೆ 6 ಬಾರ್ ಒತ್ತಡದ ಏರ್ ಕೊಟ್ರೆ ಗ್ರೀಸ್ ಕಡೆ ಲೆಕ್ಕಕ್ಕೆ 300 ಬಾರ್. ಗನ್ ಮುಚ್ಚಿದಾಗ ಎರಡೂ ಕಡೆ ಬಲ ಸರಿಸಮ ಆಗಿ ಪಂಪ್ ತಾನಾಗಿ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಗ್ರೀಸ್ ಎಲ್ಲೋ ಹೋಗ್ತಿದೆ ಅಂತಾನೇ ಅರ್ಥ.

ಮೊದಲು ಹೊರಗಡೆ ನೋಡಿ. ಹೋಸ್ ಕಪ್ಲಿಂಗ್, ಗನ್ನಿನ ಸ್ವಿವೆಲ್ (ತಿರುಗೋ ಜಾಯಿಂಟ್) ಎಲ್ಲಾ ಬಟ್ಟೇಲಿ ಒರೆಸಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಹೊಸ ಗ್ರೀಸ್ ಎಲ್ಲಿ ಮೂಡುತ್ತೋ ಅಲ್ಲೇ ಲೀಕ್. ಹೊರಗೆ ಎಲ್ಲೂ ಇಲ್ಲ ಅಂದ್ರೆ ಒಳಗಡೆ. ಆಗ ರೆಗ್ಯುಲೇಟರ್ 2 ಬಾರ್‌ಗೆ ಇಳಿಸಿ, ಸ್ಟ್ರೋಕ್ ನಿಧಾನ ಮಾಡಿ ಗಮನಿಸಿ. ಮೇಲಕ್ಕೆ ಹೋಗೋವಾಗ ತಡೆದು ತಡೆದು ಹೋಗಿ, ಕೆಳಗೆ ಬರೋವಾಗ ದಡಕ್ಕನೆ ಬಿದ್ರೆ ಟ್ಯೂಬಿನ ಅಡಿಯಲ್ಲಿರೋ ಫುಟ್ ವಾಲ್ವ್ ಸರಿಯಾಗಿ ಮುಚ್ತಿಲ್ಲ, ಗ್ರೀಸ್ ವಾಪಸ್ ಬಕೆಟ್ಟಿಗೇ ಹೋಗ್ತಿದೆ. ಉಲ್ಟಾ, ಮೇಲಕ್ಕೆ ಹೋಗೋವಾಗ ಜಾರಿದ ಹಾಗೆ ಹೋದ್ರೆ ಪ್ಲಂಜರ್ ಸೀಲ್ ಇಲ್ಲಾ ಅದರ ವಾಲ್ವ್. ಎರಡೂ ಕಡೆ ಹಗುರಾಗಿ ಓಡಿದ್ರೆ ಪಂಪಿನ ಬಾಯಿಗೆ ಗ್ರೀಸೇ ಸಿಗ್ತಿಲ್ಲ. ಈ ಮೂರಕ್ಕೂ ರಿಪೇರಿ ಬೇರೆ ಬೇರೆ. ನೋಡದೇನೇ ಎರಡೂ ಕಿಟ್ ಹಾಕಿ ಅನ್ನೋದು ಕಣ್ಮುಚ್ಚಿ ಬರೆದ ಚೀಟಿ.

ತೀರ್ಥಹಳ್ಳಿ ಕಡೆಯಿಂದ, ಜೆಸಿಬಿ ಮಾಲೀಕರು

ಬಕೆಟ್ ಮುಚ್ಚಳ ತೆಗೆದು ನೋಡಿದ್ರಾ ಮಾರಾಯ್ರೇ? ನಮ್ಮಲ್ಲಿ ಗ್ರೀಸ್ ಬರೋದಿಲ್ಲ ಅಂತ ಆದಾಗೆಲ್ಲ ಸಿಗೋದು ಇದೊಂದೇ. ಟ್ಯೂಬ್ ಸುತ್ತ ಬಾವಿ ತೋಡಿದ ಹಾಗೆ ತೂತಾಗಿರ್ತದೆ, ಬದಿಯಲ್ಲಿ ಅರ್ಧ ಬಕೆಟ್ ಗ್ರೀಸ್ ಹಾಗೇ ಅಂಟಿ ಕೂತಿರ್ತದೆ. ಗ್ರೀಸ್ ಎಣ್ಣೆ ಅಲ್ಲ, ತಾನಾಗಿ ಹರಿದು ಮಧ್ಯಕ್ಕೆ ಬರೋದಿಲ್ಲ. ಅದನ್ನ ಒತ್ತಿ ಇಳಿಸ್ಲಿಕ್ಕೇ ಫಾಲೋಯರ್ ಪ್ಲೇಟ್ ಇರೋದು. ಎಷ್ಟೋ ಶೆಡ್ಡಲ್ಲಿ ಆ ಪ್ಲೇಟ್ ಗೋಡೆ ಮೇಲೆ ನೇತಾಡ್ತಿರ್ತದೆ!

ಬಕೆಟ್ ನೆಗ್ಗಿದ್ರೆ ಪ್ಲೇಟ್ ಒಂದು ಕಡೆ ಸಿಕ್ಕಿ ಓರೆಯಾಗ್ತದೆ, ಅದನ್ನೂ ನೋಡಿ. ಹೊಸ ಬಕೆಟ್ ಇಟ್ಟಾಗ ಪ್ಲೇಟಿನ ರಬ್ಬರ್ ಅಂಚಿಗೆ ಸ್ವಲ್ಪ ಗ್ರೀಸ್ ಸವರಿ, ಅಡಿಯಲ್ಲಿ ಗಾಳಿ ಉಳಿಯದ ಹಾಗೆ ಮಧ್ಯದ ತೂತಲ್ಲಿ ಗ್ರೀಸ್ ಉಕ್ಕುವ ತನಕ ಕೈಯಲ್ಲಿ ಒತ್ತಬೇಕು. ಆಮೇಲೆ ಪಂಪ್ ಇಳಿಸೋದು. ಹೋಸಿಂದ ಗನ್ ಬಿಚ್ಚಿ, ತುದಿಯನ್ನ ಖಾಲಿ ಡಬ್ಬದೊಳಗೆ ಇಟ್ಟು, ಕಮ್ಮಿ ಏರಲ್ಲಿ ಓಡಿಸಿ. ಮೊದಲು ಪಟ್ ಪಟ್ ಅಂತ ಸಿಡೀತದೆ. ಸಿಡಿಯೋದು ನಿಂತು ಹಗ್ಗದ ಹಾಗೆ ಒಂದೇ ಸಮ ಬಂದ ಮೇಲೆ ಗನ್ ಹಾಕಿ.

ಮತ್ತೆ, ಯಾವ ಗ್ರೀಸ್ ಹಾಕ್ತಿದೀರಿ? ಎಪಿ 3 ಅಂದ್ರೆ ಗಟ್ಟಿ. ಡಿಸೆಂಬರ್ ಬೆಳಿಗ್ಗೆ ನಮ್ಮ ಕಡೆ ಚಳಿಗೆ ಅದು ಜಗ್ಗೋದೇ ಇಲ್ಲ. ಪಂಪಿಗೆ 2ನೇ ನಂಬರ್ ಇಪಿ ಸಾಕು.

ಸಾಗರದಿಂದ, ಕಂಪ್ರೆಸರ್ ರಿಪೇರಿ

ಎಲ್ಲರೂ ಪಂಪ್ ಕೆಳಗೆ ನೋಡ್ತಾ ಇದೀರಿ, ನಾನು ಮೇಲಿನದು ಹೇಳ್ತೀನಿ. ಸೈಲೆನ್ಸರಲ್ಲಿ ನೀರು ಬರ್ತಿದೆ ಅಂದ್ರೆ ಏರ್ ಮೋಟರ್ ದಿನಾ ಸ್ನಾನ ಮಾಡ್ತಿದೆ ಅಂತ. 25 ಡಿಗ್ರಿಯ ಒದ್ದೆ ಗಾಳಿ ಒಂದು ಘನ ಮೀಟರಿಗೆ ಹತ್ತತ್ರ 23 ಗ್ರಾಂ ನೀರು ಹಿಡ್ಕೊಂಡಿರುತ್ತೆ. ಅದನ್ನ 7 ಬಾರ್‌ಗೆ ಒತ್ತಿದ್ರೆ ಎಂಟರಲ್ಲಿ ಒಂದು ಪಾಲು ಜಾಗಕ್ಕೆ ಇಳಿಯುತ್ತೆ. ತಣ್ಣಗಾದ ಮೇಲೆ ಅಷ್ಟು ಜಾಗದ ಗಾಳಿ ಹಿಡಿಯೋ ನೀರೂ ಎಂಟನೇ ಒಂದು ಪಾಲೇ, ಮಿಕ್ಕ ಏಳು ಪಾಲು ಟ್ಯಾಂಕಲ್ಲೋ ಲೈನಲ್ಲೋ ನೀರಾಗಿ ಬೀಳುತ್ತೆ. ಬಯಲುಸೀಮೆಯಲ್ಲಿ ವಾರಕ್ಕೊಮ್ಮೆ ಡ್ರೈನ್ ಮಾಡಿದ್ರೂ ನಡೆಯಬಹುದು. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಟ್ಯಾಂಕಿನ ಅಡಿ ಕಾಕ್ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬಿಡಲೇಬೇಕು.

ವಾಟರ್ ಸರ್ವಿಸ್ ಅಂದ್ರಲ್ಲ, ಕಂಪ್ರೆಸರ್ ಎಲ್ಲಿದೆ? ರ‍್ಯಾಂಪ್ ಪಕ್ಕದಲ್ಲೇ ಇಟ್ಟಿದ್ರೆ ಲಾರಿ ತೊಳೆದ ಹನಿಯನ್ನೆಲ್ಲ ಅದೇ ಎಳ್ಕೊಳ್ಳುತ್ತೆ. ಗೋಡೆ ಆಚೆಗೆ ಹಾಕಿ. ಮೇನ್ ಲೈನಿಂದ ಪಂಪಿಗೆ ತಗೊಳ್ಳೋ ಪೈಪು ಮೇಲ್ಭಾಗದಿಂದ ಎದ್ದು ಬಳಸಿ ಇಳೀಬೇಕು, ಅಡಿಯಿಂದ ತಗೊಂಡ್ರೆ ನೀರು ನೇರ ಪಂಪಿಗೇ. ಲೈನಿನ ಕೊನೇಲಿ ಒಂದು ಡ್ರೈನ್ ಕಾಕ್ ಇರಲಿ.

ಪಂಪ್ ಓಡ್ತಾ ಓಡ್ತಾ ಮಂಕಾಗಿ, ಹತ್ತು ನಿಮಿಷ ಬಿಟ್ರೆ ಮತ್ತೆ ಚೆನ್ನಾಗಿ ಓಡುತ್ತಾ? ಹಾಗಿದ್ರೆ ಸೈಲೆನ್ಸರ್ ಮುಟ್ಟಿ ನೋಡಿ. ಒತ್ತಿದ ಗಾಳಿ ಅಲ್ಲಿ ಒಮ್ಮೆಲೇ ಬಿಚ್ಚಿಕೊಂಡು ತಣ್ಣಗಾಗುತ್ತೆ, ನೀರಿದ್ರೆ ಐಸ್ ಕಟ್ಟುತ್ತೆ. ಅದಕ್ಕೆ ಕಿಟ್ ಹಾಕಿ ಏನೂ ಪ್ರಯೋಜನ ಇಲ್ಲ.

ಆಟೋ ಕಾಂಪ್ಲೆಕ್ಸ್‌ನಿಂದ

ಏರ್ ಲೈನಲ್ಲಿ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ (ಗಾಳಿಗೆ ಎಣ್ಣೆ ಬೆರೆಸೋದು) ಮೂರೂ ಇದ್ಯಾ ನೋಡಿ. ಲೂಬ್ರಿಕೇಟರ್‌ಗೆ 32 ಗ್ರೇಡ್ ಎಣ್ಣೆ ಹಾಕಿಡಿ, ಏರ್ ಮೋಟರ್ ವರ್ಷಗಟ್ಟಲೆ ಬರುತ್ತೆ.

ಮಾಚೇನಹಳ್ಳಿಯಿಂದ, ಫ್ಯಾಕ್ಟರಿ ಮೇಂಟೆನೆನ್ಸ್

ಇದಕ್ಕೆ ನನ್ನ ತಕರಾರಿದೆ. ಈಗಿನ ಕೆಲವು ಮಾಡೆಲ್‌ಗೆ ಎಣ್ಣೆ ಬೇಡ, ಒಳಗೆ ಗ್ರೀಸ್ ಸವರಿಯೇ ಕಳಿಸಿರ್ತಾರೆ. ಎಣ್ಣೆ ಬಿಟ್ರೆ ಆ ಗ್ರೀಸ್ ತೊಳೆದು ಹೋಗುತ್ತೆ, ಆಮೇಲೆ ಎಣ್ಣೆ ನಿಲ್ಲಿಸೋ ಹಾಗಿಲ್ಲ. ಪಂಪ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ರೆ ಮಾತ್ರ ಹಾಕಿ. ಇಂಜಿನ್ ಆಯಿಲ್ ಅಂತೂ ಬೇಡವೇ ಬೇಡ.

ಫಿಲ್ಟರ್ ಬೌಲ್‌ನಲ್ಲಿ ಮಜ್ಜಿಗೆ ಬಣ್ಣದ ನೀರು ಕಂಡ್ರೆ ಅದು ಕಂಪ್ರೆಸರ್ ಎಣ್ಣೆ ನೀರಿನ ಜೊತೆ ಕಲಸಿದ್ದು. ಆ ಪ್ಲಾಸ್ಟಿಕ್ ಬೌಲ್ ಥಿನ್ನರಲ್ಲಿ ತೊಳೀಬೇಡಿ, ಕೂದಲೆಳೆ ಬಿರುಕು ಬಿಟ್ಟು ಒಂದಿನ ಪ್ರೆಶರಿಗೆ ಒಡೆಯುತ್ತೆ. ಸೋಪಿನ ನೀರು ಸಾಕು.

ಕೇಳಿದವರು: ಸಾಗರ ರಸ್ತೆ, ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಕಂಪ್ರೆಸರ್ ರ‍್ಯಾಂಪ್ ಪಕ್ಕದಲ್ಲೇ ಇತ್ತು, ಟ್ಯಾಂಕ್ ಬಿಟ್ರೆ ತುಕ್ಕು ನೀರು ನಿಲ್ಲದೆ ಬಂತು. ಫಾಲೋಯರ್ ಪ್ಲೇಟ್ ಇದೆ, ಬಕೆಟ್ಟಿನ ಗ್ರೀಸಲ್ಲಿ ತೂತಿಲ್ಲ. 2 ಬಾರ್‌ನಲ್ಲಿ ನೋಡಿದ್ರೆ ಮೇಲಕ್ಕೆ ನಿಧಾನ, ಕೆಳಗೆ ದಡಕ್. ಅಂದ್ರೆ ಫುಟ್ ವಾಲ್ವ್ ತಾನೆ? ಅದೊಂದನ್ನೇ ಬಿಚ್ಚಬಹುದಾ?

ಮಾಚೇನಹಳ್ಳಿಯಿಂದ, ಫ್ಯಾಕ್ಟರಿ ಮೇಂಟೆನೆನ್ಸ್

ಧಾರಾಳವಾಗಿ. ಏರ್ ಮೋಟರ್ ಮುಟ್ಟೋದೇ ಬೇಡ. ಏರ್ ಕಾಕ್ ಮುಚ್ಚಿ ಲೈನ್ ತೆಗೀರಿ, ಆಮೇಲೆ ಗನ್ನನ್ನ ಡಬ್ಬಕ್ಕೆ ಹಿಡಿದು ಟ್ರಿಗರ್ ಒತ್ತಿ ಒಳಗಿನ ಪ್ರೆಶರ್ ಪೂರ್ತಿ ಬಿಡಿ. ಏರ್ ತೆಗೆದ ಮಾತ್ರಕ್ಕೆ ಹೋಸ್‌ನಲ್ಲಿರೋ ಒತ್ತಡ ಹೋಗಲ್ಲ, ಇದನ್ನ ಮರೀಬೇಡಿ.

ಟ್ಯೂಬ್ ತುದೀಲಿ ಗ್ರೀಸನ್ನ ಒಳಗೆ ಎಳೆಯೋ ಚಿಕ್ಕ ಪ್ಲೇಟ್ ಇರುತ್ತೆ, ಅದನ್ನ ತೆಗೆದ ಮೇಲೆ ಫುಟ್ ವಾಲ್ವ್ ಸಿಗುತ್ತೆ. ಬಿಚ್ಚಿದ ಹಾಗೆಲ್ಲ ಮೊಬೈಲಲ್ಲಿ ಫೋಟೋ ತೆಗೀರಿ, ಬಿಳಿ ಬಟ್ಟೆ ಮೇಲೆ ಸಾಲಾಗಿ ಜೋಡಿಸಿ. ವಾಲ್ವ್ ಕೂತು ಮುಚ್ಚೋ ಸೀಟಿನ ಮೇಲೆ ಏನು ಕೂತಿದೆ ನೋಡಿ. ಬಕೆಟ್ ಸೀಲಿನ ಪ್ಲಾಸ್ಟಿಕ್ ಚೂರು, ಬನಿಯನ್ ವೇಸ್ಟಿನ ನೂಲು, ಕೆಮ್ಮಣ್ಣಿನ ಹರಳು, ಇವೇ ಇರೋದು. ಸೀಮೆಎಣ್ಣೆ ಸಿಕ್ರೆ ಅದು, ಇಲ್ಲದಿದ್ರೆ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಪೆಟ್ರೋಲ್ ಬೇಡ, ಬೆಂಕಿಯ ಸಹವಾಸ. ಥಿನ್ನರಿಗೆ ಸೀಲ್ ಉಬ್ಬುತ್ತೆ. ಸೀಟಿನ ಮೇಲೆ ಉಗುರು ಆಡಿಸಿ, ಗೀರು ಉಗುರಿಗೆ ಸಿಕ್ರೆ ಆ ಪಾರ್ಟ್ ಬದಲಿಸಬೇಕು. ಎಮ್ರಿ ಪೇಪರಲ್ಲಿ ಉಜ್ಜಿ ಸರಿ ಮಾಡೋಕೆ ಹೋದ್ರೆ ಇನ್ನೂ ಕೆಡುತ್ತೆ.

ಸೀಲ್ ಬದಲಿಸೋದಾದ್ರೆ ಪಾರ್ಟ್ ನಂಬರ್ ಹೇಳಿಯೇ ತಗೊಳ್ಳಿ. ಅಂಗಡೀಲಿ ಅಳತೆ ಹೊಂದೋ ಓ ರಿಂಗ್ ಹತ್ತು ರೂಪಾಯಿಗೆ ಸಿಗುತ್ತೆ ನಿಜ, ಆದ್ರೆ ಮೆತ್ತನೆ ರಬ್ಬರ್ 300 ಬಾರ್‌ಗೆ ಸಂದೀಲಿ ಹಿಂಡಿ ಹರಿದು ಹೋಗುತ್ತೆ.

ಭದ್ರಾವತಿಯಿಂದ, ರಿಟೈರ್ಡ್ ಫಿಟ್ಟರ್

ಒಂದು ಮಾತು, ಹಿರಿಯನಾಗಿ. ಲೀಕ್ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಡಿ. ನಮ್ಮ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಹುಡುಗನಿಗೆ ಹೋಸಿನ ಸಣ್ಣ ತೂತಿಂದ ಗ್ರೀಸ್ ಬೆರಳಿಗೆ ಹೊಕ್ಕಿತ್ತು. ಸೂಜಿ ಚುಚ್ಚಿದಷ್ಟು ಗುರುತು, ರಕ್ತ ಕೂಡ ಇಲ್ಲ. ನೋವಿಲ್ಲ ಅಂತ ಊಟ ಮಾಡಿ ಮಲಗಿದ. ಬೆಳಿಗ್ಗೆ ಕೈ ಮಣಿಕಟ್ಟಿನ ತನಕ ಊದಿತ್ತು. ಬೆರಳು ಉಳೀಲಿಲ್ಲ. ಇಂಥದ್ದಾದ್ರೆ ಅರಿಶಿನ ಹಚ್ಚಿ ಕೂರೋದಲ್ಲ, ತಕ್ಷಣ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದೊಡ್ಡಾಸ್ಪತ್ರೆಗೋ ಹೋಗಿ, "ಹೈ ಪ್ರೆಶರ್‌ನಲ್ಲಿ ಗ್ರೀಸ್ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಬೇಕು. ನೋಡೋಕೆ ಚಿಕ್ಕ ಗಾಯ, ಹೇಳದಿದ್ರೆ ಟಿ.ಟಿ. ಹಾಕಿ ಕಳಿಸಿಬಿಡೋದೂ ಉಂಟು. ಕೆಲವೇ ಗಂಟೆಯೊಳಗೆ ಸರ್ಜನ್ ಕೊಯ್ದು ತೊಳೀಬೇಕಾಗುತ್ತೆ.

ಹೋಸಿನ ಮೇಲ್ಪದರ ಉಬ್ಬಿದ್ರೆ, ಒಳಗಿನ ತಂತಿ ಕಂಡ್ರೆ ಇನ್ಸುಲೇಶನ್ ಟೇಪ್ ಸುತ್ತಬೇಡಿ, ಬದಲಿಸಿ. ಬರೀ ಏರ್ ಹೋಸ್ ತಂದು ಗ್ರೀಸ್ ಕಡೆ ಹಾಕೋರನ್ನೂ ನೋಡಿದೀನಿ.

ತೀರ್ಥಹಳ್ಳಿ ಕಡೆಯಿಂದ, ಜೆಸಿಬಿ ಮಾಲೀಕರು

ಏರ್ 8 ಬಾರ್ ತನಕ ಏರಿಸೋ ಚಟ ಇದ್ರೆ ಅದನ್ನೂ ಬಿಡಿ. 50:1ಕ್ಕೆ ಅದು 400 ಬಾರ್ ಆಯ್ತು, ಯುಜೆ ಕ್ರಾಸಿನ (ಗಾಡಿ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್) ಸೀಲ್ ಹಾರಿ ಹೋಗ್ತದೆ. ನಾವು ಐದರ ಮೇಲೆ ಕೊಡೋದೇ ಇಲ್ಲ. ಗಾಡಿಯಲ್ಲಿ ಗನ್ ಕೂರಿಸೋ ನಿಪ್ಪಲ್ ಗ್ರೀಸ್ ತಗೊಳ್ಳದಿದ್ರೆ ಏರ್ ಹೆಚ್ಚು ಮಾಡೋದಲ್ಲ, ನಿಪ್ಪಲ್ ಬದಲಿಸೋದು.

ಕೇಳಿದವರು: ಸಾಗರ ರಸ್ತೆ, ಶಿವಮೊಗ್ಗ

ಬಿಚ್ಚಿದೆ. ಸೀಟಿನ ಮೇಲೆ ಬೆಳ್ಳಿ ಬಣ್ಣದ ಸೀಲ್ ಹಾಳೆಯ ಚೂರು, ಅಕ್ಕಿಕಾಳಿನಷ್ಟು, ಮಡಿಚಿ ಅಂಟಿಕೊಂಡಿತ್ತು. ಬಕೆಟ್ ಒಡೆಯೋವಾಗ ಹುಡುಗ್ರು ಚಾಕೂಲಿ ಹರಿದದ್ದೇ ಇರಬೇಕು. ಗೀರಿಲ್ಲ. ತೊಳೆದು ಹಾಕಿದೆ, ಈಗ ಗನ್ ಬಿಟ್ಟ ತಕ್ಷಣ ನಿಲ್ಲುತ್ತೆ. ಆದ್ರೆ ಒಂದು ಉಳೀತು: ಇದುವರೆಗೆ ಕೆಂಪು ಗ್ರೀಸ್ ಹಾಕ್ತಿದ್ವಿ, ಅಂಗಡಿಯವರು ಈ ಸಲ ನೀಲಿ ಕೊಟ್ಟಿದಾರೆ. ಅದರ ಮೇಲೇ ಹಾಕಬಹುದಾ?

ಮಾಚೇನಹಳ್ಳಿಯಿಂದ, ಫ್ಯಾಕ್ಟರಿ ಮೇಂಟೆನೆನ್ಸ್

ಬಣ್ಣ ನೋಡಿ ಹೇಳೋಕಾಗಲ್ಲ, ಅದು ಬರೀ ಡೈ. ಬಕೆಟ್ ಮೇಲೆ ಲಿಥಿಯಂ, ಲಿಥಿಯಂ ಕಾಂಪ್ಲೆಕ್ಸ್, ಕ್ಯಾಲ್ಸಿಯಂ, ಪಾಲಿಯೂರಿಯಾ ಅಂತ ಏನು ಬರೆದಿದೆ ನೋಡಿ. ಎರಡೂ ಲಿಥಿಯಂ ಆದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬೇರೆ ಬೇರೆ ಆದ್ರೆ ಕಲಸಬೇಡಿ, ಕೆಲವು ಜೋಡಿ ಸೇರಿದ್ರೆ ನೀರಾಗಿ ಸೋರುತ್ತೆ. ಹಳೇದನ್ನ ಪೂರ್ತಿ ಖಾಲಿ ಮಾಡಿ, ಪ್ಲೇಟ್, ಟ್ಯೂಬ್ ಒರೆಸಿ, ಹೋಸ್ ತುದೀಲಿ ಹೊಸ ಬಣ್ಣ ಶುದ್ಧವಾಗಿ ಬರೋ ತನಕ ಡಬ್ಬಕ್ಕೆ ಬಿಡಿ. ಆ ಡಬ್ಬದ್ದನ್ನ ಬೇರಿಂಗ್‌ಗೆ ಹಾಕ್ಬೇಡಿ, ಗೇಟಿನ ಬಿಜಾಗರಿಗೆ ಆಗುತ್ತೆ.