ಅತ್ತೆ, ಅವನು ಪ್ರೀತಿ ಹೇಳಿದ್ದು ಆ ಫೋನಿನ ಮಾತಿನಲ್ಲೇ

ಅತ್ತೆ, ನಿಮ್ಮ ಮೆಸೇಜ್ ಈಗ ನೋಡಿದೆ. ಆ ಕೊರಿಯನ್ ಸಿನಿಮಾ ‘ಡಿಸಿಷನ್ ಟು ಲೀವ್’ ನೋಡಿ ಮುಗಿಸಿದ್ದೀರಿ, ಖುಷಿಯಾಯಿತು. ಗಂಡನ ಕೊಲೆ ಮಾಡಿದವಳ ಹಿಂದೆ ಬಿದ್ದ ಪೊಲೀಸ್, ಮನೆಯಲ್ಲಿ ಹೆಂಡತಿ ಬೇರೆ, ಇದರಲ್ಲಿ ಪ್ರೀತಿ ಎಲ್ಲಿದೆ ಅಂತ ಕೇಳಿದ್ದೀರಿ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಗ್ರೂಪಿನಲ್ಲಿ ಇನ್ನೂ ನೋಡದವರು ದಯವಿಟ್ಟು ಈಗ ಕೇಳಬೇಡಿ, ಕೊನೆಯವರೆಗೂ ಹೇಳಿಬಿಡುತ್ತೇನೆ.

ಆ ಪೊಲೀಸ್ ಮಾಡಿದ್ದು ತಪ್ಪು ಅನ್ನುವುದರಲ್ಲಿ ನಿಮ್ಮ ಜೊತೆಗೇ ಇದ್ದೇನೆ. ನಿದ್ದೆ ಬಾರದ ಮನುಷ್ಯ, ದುರ್ಬೀನು ಹಿಡಿದು ರಾತ್ರಿಯೆಲ್ಲ ಅವಳನ್ನು ನೋಡುತ್ತಾನೆ. ಅವಳು ಏನು ತಿಂದಳು, ಯಾವಾಗ ಮಲಗಿದಳು ಅಂತ ಕೈಗಡಿಯಾರಕ್ಕೆ ಹೇಳಿ ರೆಕಾರ್ಡ್ ಮಾಡುತ್ತಾನೆ. ತನಿಖೆ ಅಂತ ಶುರುವಾಗಿದ್ದು ಹುಚ್ಚಾಗಿ ತಿರುಗಿದ್ದು ಅವನಿಗೇ ಗೊತ್ತಾಗುವುದಿಲ್ಲ. ನಿರ್ದೇಶಕ ಪಾರ್ಕ್ ಚಾನ್-ವೂಕ್ ಅದನ್ನು ಎಲ್ಲೂ ಸಮರ್ಥಿಸುವುದಿಲ್ಲ. 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದಿದ್ದು ಈ ಸಿನಿಮಾಕ್ಕೇ.

ನೀವು ಗಮನಿಸಬೇಕಾದ್ದು ಫೋನ್, ಅತ್ತೆ. ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಮರೆವು, ಮನೆಯಿಂದ ಹೊರಗೇ ಹೋಗುವವರಲ್ಲ. ಅವರ ಫೋನಿನಲ್ಲಿ 138 ಮಹಡಿ ಹತ್ತಿದ ಲೆಕ್ಕ ಇದೆ, ಅಂದರೆ ಅದನ್ನು ಹಿಡಿದು ಬೆಟ್ಟ ಹತ್ತಿದ್ದು ಇವಳು. ಅಲ್ಲಿಗೆ ಗಂಡನನ್ನು ಬಂಡೆ ಮೇಲಿಂದ ತಳ್ಳಿದ್ದು ಇವಳೇ ಅಂತ ಅವನಿಗೆ ಗೊತ್ತಾಯಿತು. ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಆ ಫೋನನ್ನು ಸಮುದ್ರಕ್ಕೆ ಎಸೆದುಬಿಡು, ಯಾರಿಗೂ ಸಿಗದಷ್ಟು ಆಳಕ್ಕೆ ಹೋಗಲಿ ಅಂತ ಹೇಳಿ ಹೊರಟುಹೋದ. ತನ್ನ ಕೆಲಸದ ಮೇಲಿದ್ದ ಹೆಮ್ಮೆಯನ್ನೆಲ್ಲ ಆ ಒಂದು ಮಾತಿನಲ್ಲಿ ಕಳೆದುಕೊಂಡ. ಅವಳು ಅದನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡು ಮತ್ತೆ ಮತ್ತೆ ಕೇಳುತ್ತಾಳೆ. ಕೊನೆಯಲ್ಲಿ ಅವನು, ನಾನು ಯಾವಾಗ ಪ್ರೀತಿಸುತ್ತೇನೆ ಅಂದೆ ಅಂತ ಕೇಳುತ್ತಾನಲ್ಲ, ಅವಳ ಲೆಕ್ಕದಲ್ಲಿ ಅವನು ಹೇಳಿಯಾಗಿತ್ತು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನ್ನಿಸುತ್ತದೆ ನನಗೆ.

ಆಮೇಲಿನ ಭಾಗ ಇಪೋ ಅನ್ನುವ ಕಡಲೂರಿನಲ್ಲಿ. ಕಲ್ಪನೆಯ ಊರು, ಆದರೆ ಮಂಜು ನೋಡಿ! ಜುಲೈನಲ್ಲಿ ನಮ್ಮ ಸಂಪಾಜೆ ಘಾಟಿಯಲ್ಲಿ ಎದುರಿನ ಗಾಡಿಯ ಲೈಟ್ ಮಾತ್ರ ಕಾಣುತ್ತದಲ್ವಾ, ಹಾಗೆಯೇ. ಮಡಿಕೇರಿಯಲ್ಲಿ ಇರುವ ನಮಗೆ ಮಂಜು ಅಂದರೆ ಬಟ್ಟೆ ಒಣಗದ ದಿನಗಳು, ಗೋಡೆಗೆ ಬೂಷ್ಟು. ಅಲ್ಲಿನವರೂ ಅದನ್ನು ಇಷ್ಟಪಡುವುದಿಲ್ಲ. ಚಂದಕ್ಕೆ ಅಂತ ಸುಮ್ನೆ ಹಾಕಿದ ಮಂಜಲ್ಲ ಅದು. ಹಿನ್ನೆಲೆಯಲ್ಲಿ ಬರುವ ಹಳೆಯ ಹಾಡೂ ಮಂಜಿನ ಮೇಲಿನದೇ, 1967ರದ್ದು. ಅವಳ ಒಂದು ಉಡುಪು ಕೆಲವರಿಗೆ ನೀಲಿ, ಕೆಲವರಿಗೆ ಹಸಿರು. ಅವಳೂ ಹಾಗೇ, ಯಾರಿಗೂ ಪೂರ್ತಿ ತಿಳಿಯುವುದಿಲ್ಲ. ಅವಳ ಪಾತ್ರದ ಟಾಂಗ್ ವೇ ಅದನ್ನು ಕಣ್ಣಿನಲ್ಲೇ ಮಾಡಿದ್ದಾರೆ, ಎಂಥಾ ನಟನೆ!

ಭಾವ, ಅವಳು ಯಾಕೆ ಸಾಯಬೇಕಿತ್ತು ಅಂದಿರಿ. ಆ ರೆಕಾರ್ಡಿಂಗ್ ಅವಳು ಆಮೇಲೆ ಮದುವೆಯಾದ ಎರಡನೇ ಗಂಡನ ಕೈಗೆ ಸಿಕ್ಕಿತು. ಹೊರಗೆ ಬಂದರೆ ಪೊಲೀಸಿನವನ ಕೆಲಸ, ಮಾನ ಎರಡೂ ಹೋಗುತ್ತಿತ್ತು. ಅದಕ್ಕೇ ಆ ಗಂಡನೂ ಸಾಯುವ ಹಾಗೆ ಮಾಡಿದಳು. ಇನ್ನು ಆ ಪೊಲೀಸ್ ಬಗೆಹರಿಯದ ಕೇಸುಗಳ ಫೋಟೋ ಗೋಡೆ ತುಂಬ ಅಂಟಿಸಿಕೊಂಡು, ಅದನ್ನೇ ನೋಡುತ್ತಾ ನಿದ್ದೆಗೆಡುವವನು. ತಾನೂ ಅವನಿಗೆ ಬಗೆಹರಿಯದ ಕೇಸಾಗಿ ಉಳಿಯಬೇಕು ಅನ್ನುವುದು ಅವಳ ಆಸೆ. ಕೊನೆಗೆ ಕಡಲ ತೀರದಲ್ಲಿ ಬಕೆಟ್ಟಿನಿಂದ ಮರಳು ತೋಡಿ ಆ ಗುಂಡಿಯಲ್ಲಿ ಕೂರುತ್ತಾಳೆ, ಅಲೆ ಏರುತ್ತದೆ, ಅವನು ಅದೇ ಜಾಗದಲ್ಲಿ ಅವಳನ್ನು ಕೂಗುತ್ತಾ ಓಡಾಡುತ್ತಾನೆ. ಅದನ್ನು ತ್ಯಾಗ ಅಂತ ಹೊಗಳಲು ನನಗೆ ಮನಸ್ಸಿಲ್ಲ. ಆ ಹೆಂಗಸಿಗೆ ಬದುಕಲು ಒಂದು ದಾರಿ ಸಿಗಬೇಕಿತ್ತು. ಅವನ ಹೆಂಡತಿಯ ಕಡೆಯಿಂದ ಕಥೆ ಜಾಸ್ತಿ ಹೇಳಲಿಲ್ಲ ಅನ್ನುವ ಬೇಜಾರೂ ಇದೆ.

ಅತ್ತೆ, ಶನಿವಾರ ಮನೆಗೆ ಬರುತ್ತೇನೆ, ಇಪೋ ಭಾಗ ಇನ್ನೊಂದು ಸಲ ಒಟ್ಟಿಗೆ ನೋಡೋಣ. ಮಕ್ಕಳು ಮಲಗಿದ ಮೇಲೆ ಹಾಕಿ, ಹೆಣದ ಕಣ್ಣಿನ ಮೇಲೆ ಇರುವೆ ಹರಿಯುವುದನ್ನೆಲ್ಲ ಹತ್ತಿರದಿಂದ ತೋರಿಸುತ್ತಾರೆ.