ಅಪ್‌ಡೇಟ್: ಮಗಳಿಗೆ ಭಿನ್ನರಾಶಿ ಈಗ ಅರ್ಥವಾಗುತ್ತಿದೆ

ಅಂಶ, ಛೇದ, ದಶಮಾಂಶ, ಶೇಕಡಾ ಇವೆಲ್ಲ ಮಗಳಿಗೆ ಗೊಂದಲ, ಹೇಗೆ ಹೇಳಿಕೊಡಲಿ ಎಂದು ಕೇಳಿದ್ದೆ. ‘ಲೆಕ್ಕ ಬಿಡಿ, ಮೊದಲು ಪದಗಳನ್ನು ಬಿಡಿಸಿ ಹೇಳಿ’ ಎಂದಿದ್ದಿರಿ. ಹಾಗೇ ಮಾಡಿದೆ.

‘ಮುಕ್ಕಾಲು’ ಪದದಿಂದಲೇ ಶುರು ಮಾಡಿದೆ. ಮೂರು ಕಾಲು ಸೇರಿದರೆ ಮುಕ್ಕಾಲು. ಕಾಲು ಎಂದರೆ ನಾಲ್ಕರಲ್ಲೊಂದು ಭಾಗ. ಹಾಗಾಗಿ 3/4ರಲ್ಲಿ ಕೆಳಗಿನ 4 ಛೇದ, ಒಟ್ಟು ಎಷ್ಟು ಸಮಭಾಗ ಮಾಡಿದೆವು ಎಂದು ಹೇಳುತ್ತದೆ. ಮೇಲಿನ 3 ಅಂಶ, ಅದರಲ್ಲಿ ಎಷ್ಟು ತೆಗೆದುಕೊಂಡೆವು ಎಂದು. ದಿನಾ ಆಡುವ ಮಾತಿನಲ್ಲೇ ಇಡೀ ಭಿನ್ನರಾಶಿ ಇದೆ, ಎಷ್ಟು ಚಂದ ಅಲ್ವಾ!

ದಶಮಾಂಶ ಸ್ವಲ್ಪ ಜಾಸ್ತಿ ಕಷ್ಟವಾಯಿತು. 0.5ಕ್ಕಿಂತ 0.25 ದೊಡ್ಡದು ಎನ್ನುತ್ತಿದ್ದಳು, 5ಕ್ಕಿಂತ 25 ದೊಡ್ಡದಲ್ಲವೇ ಎಂದು. ‘ಸೊನ್ನೆ ಪಾಯಿಂಟ್ ಇಪ್ಪತ್ತೈದು’ ಎಂದು ಓದುವುದೇ ತೊಂದರೆ. ಈಗ ‘ಐದು ದಶಾಂಶ’ (ಹತ್ತರಲ್ಲಿ ಐದು ಭಾಗ), ‘ಇಪ್ಪತ್ತೈದು ಶತಾಂಶ’ (ನೂರರಲ್ಲಿ ಇಪ್ಪತ್ತೈದು ಭಾಗ) ಎಂದು ಓದಿಸುತ್ತೇನೆ. ಐದು ದಶಾಂಶ ಎಂದರೆ ಐವತ್ತು ಶತಾಂಶ. ಆಗ ಯಾವುದು ದೊಡ್ಡದೆಂದು ತಾನೇ ಹೇಳಿದಳು.

ಶೇಕಡಾ ಬೇಗ ಬಂತು. ನೂರಕ್ಕೆ ಎಷ್ಟು, ಅಷ್ಟೇ. 3/4, 0.75, ಶೇ. 75 ಮೂರೂ ಒಂದೇ ಎಂದು ಅವಳೇ ಬರೆದು ತೋರಿಸಿದಳು. ವಿಷಮ ಭಿನ್ನರಾಶಿ, ಅಂದರೆ 3/2ರ ಹಾಗೆ ಅಂಶವೇ ಛೇದಕ್ಕಿಂತ ದೊಡ್ಡದಿರುವುದು, ಇನ್ನೂ ಬಾಕಿ ಇದೆ. ಅದಕ್ಕೆ ‘ಒಂದೂವರೆ’ಯಿಂದ ಶುರು ಮಾಡುತ್ತೇನೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.