‘ಪ್ರತಿಕೂಲ ಆಯ್ಕೆ’ ಎಂದರೆ ಯಾರ ಆಯ್ಕೆ? ಆರೋಗ್ಯ ವಿಮೆಯ ಕೆಲವು ಪದಗಳು

ಪ್ರಶ್ನೆ (ಉಡುಪಿಯಿಂದ)

ಅಮೆರಿಕದಲ್ಲಿ ಆರೋಗ್ಯ ವಿಮೆ ಸುಧಾರಣೆಯ ಸುತ್ತ ನಡೆದಿರುವ ಜಗಳದ ಬಗ್ಗೆ ಕನ್ನಡ ಲೇಖನವೊಂದರ ಕರಡು ತಿದ್ದುವ ಕೆಲಸ ಇದೆ. ‘ಅಡ್ವರ್ಸ್ ಸೆಲೆಕ್ಷನ್’ಗೆ ‘ಪ್ರತಿಕೂಲ ಆಯ್ಕೆ’, ‘ಕಮ್ಯುನಿಟಿ ರೇಟಿಂಗ್’ಗೆ ‘ಸಮುದಾಯ ದರ’, ‘ಮ್ಯಾಂಡೇಟ್’ಗೆ ‘ಜನಾದೇಶ’ ಎಂದು ಬಿದ್ದಿದೆ. ಕೊನೆಯದು ತಪ್ಪೆಂದು ಗೊತ್ತು, ಚುನಾವಣೆ ಗೆದ್ದವರಿಗೆ ಸಿಗುವುದು ಜನಾದೇಶ. ಉಳಿದವುಗಳ ಕಥೆ ಏನು? ‘ಪ್ರಿ-ಎಕ್ಸಿಸ್ಟಿಂಗ್ ಡಿಸೀಸ್’ಗೆ ‘ಹಳೆ ಕಾಯಿಲೆ’ ಎಂದರೆ ಸಾಕಾ? ಕೊನೆಯ ಪ್ಯಾರಾದಲ್ಲಿ ನಮ್ಮ ಕಡೆಯ ಕಾರ್ಡುಗಳ ಮಾತೂ ಬಂದಿದೆ, ಅಲ್ಲಿ ಎಲ್ಲವನ್ನೂ ‘ವಿಮೆ’ ಎಂದೇ ಬರೆದಿದ್ದಾರೆ.

ಉತ್ತರ 1 (ಮಂಗಳೂರಿನಿಂದ)

‘ಸಮುದಾಯ ದರ’ವನ್ನು ಮೊದಲು ಹೊಡೆದುಹಾಕಿ ಮಾರಾಯ್ರೇ. ಕನ್ನಡ ಪೇಪರು ಓದುವವನಿಗೆ ‘ಸಮುದಾಯ’ ಎಂದರೆ ಜಾತಿ ಇಲ್ಲವೇ ಧರ್ಮ. ಬಿಲ್ಲವರಿಗೊಂದು ದರ, ಬಂಟರಿಗೊಂದು ದರವಾ ಎಂದು ಕೇಳಿಯಾನು. ಹೇಳಬೇಕಾದ ವಿಷಯ ಇದಕ್ಕೆ ನೇರ ವಿರುದ್ಧ: ಕಾಯಿಲೆ ಇದ್ದವನಿಗೂ ಇಲ್ಲದವನಿಗೂ ಒಂದೇ ದರ. ‘ಸಮದರ’ ಎನ್ನಿ. ಆದರೆ ಪೂರ್ತಿ ಸಮವೂ ಅಲ್ಲ. ಅಮೆರಿಕದ 2010ರ ಆರೋಗ್ಯ ವಿಮೆ ಕಾಯ್ದೆಯಲ್ಲಿ (‘ಒಬಾಮಾಕೇರ್’ ಎನ್ನುತ್ತಾರಲ್ಲ, ಅದು) ವಯಸ್ಸು, ಊರು, ತಂಬಾಕಿನ ಚಟ, ಮನೆಯಲ್ಲಿ ಎಷ್ಟು ಜನ ಎಂಬ ಲೆಕ್ಕದ ಮೇಲೆ ದರ ಬದಲಾಗಬಹುದು. ವಯಸ್ಕರಲ್ಲಿ ಹಿರಿಯರ ದರ ಕಿರಿಯರದ್ದಕ್ಕಿಂತ ಮೂರು ಪಟ್ಟು ಮೀರುವಂತಿಲ್ಲ. ಇದನ್ನು ಒಂದು ವಾಕ್ಯದಲ್ಲಿ ಸೇರಿಸಿದರೆ ಸಾಕು.

‘ಪ್ರತಿಕೂಲ ಆಯ್ಕೆ’ಯ ತೊಂದರೆ ಏನೆಂದರೆ, ಆಯ್ಕೆ ಮಾಡುವವರು ಯಾರು, ಪ್ರತಿಕೂಲ ಯಾರಿಗೆ ಎಂಬುದು ಪದದಿಂದ ತಿಳಿಯುವುದಿಲ್ಲ. ಕಂಪನಿಯೇ ಗಿರಾಕಿಗಳನ್ನು ಆರಿಸುತ್ತದೆ ಎಂದು ಓದುಗ ಅಂದುಕೊಳ್ಳುತ್ತಾನೆ. ಅಂಥದ್ದೂ ನಡೆಯುತ್ತದೆ, ಗಟ್ಟಿಮುಟ್ಟಾದವರನ್ನಷ್ಟೇ ಹೆಕ್ಕಿ ಸೇರಿಸಿಕೊಳ್ಳುವುದು. ಅದಕ್ಕೆ ನಮ್ಮ ಕಡೆಯ ‘ಹೆಕ್ಕುವುದು’ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಆಗುವುದು ಬೇರೆ. ಖರ್ಚು ಬರುತ್ತದೆಂದು ಗೊತ್ತಿರುವವನು ಓಡಿಬಂದು ಸೇರುತ್ತಾನೆ, ಗಟ್ಟಿ ಇರುವವನು ದೂರ ಉಳಿಯುತ್ತಾನೆ. ಹಾಗಾಗಿ ‘ಓರೆ ಸೇರ್ಪಡೆ’ ಎನ್ನಬಹುದು. ತಕ್ಕಡಿ ಒಂದು ಕಡೆ ವಾಲಿದ ಚಿತ್ರ ಅದರಲ್ಲಿದೆ.

ಪದದ ಜೊತೆ ಒಂದು ಲೆಕ್ಕ ಕೊಡಿ. ಕಾಲ್ಪನಿಕವಾದರೂ ಸರಿ. ನೂರು ಜನ. ಅದರಲ್ಲಿ 80 ಮಂದಿಗೆ ವರ್ಷಕ್ಕೆ ತಲಾ 2,000 ರೂಪಾಯಿ ಆಸ್ಪತ್ರೆ ಖರ್ಚು, 20 ಮಂದಿಗೆ ತಲಾ 32,000. ಒಟ್ಟು 8 ಲಕ್ಷ, ತಲೆಗೆ 8,000 ಪ್ರೀಮಿಯಂ. ಎರಡು ಸಾವಿರದವನು ಎಂಟು ಸಾವಿರ ಯಾಕೆ ಕೊಡಬೇಕು? ಗಟ್ಟಿ ಇದ್ದವರಲ್ಲಿ 40 ಮಂದಿ ಬಿಟ್ಟುಹೋದರೆ ಉಳಿದ 60 ಜನರ ಖರ್ಚು 7.2 ಲಕ್ಷ, ಪ್ರೀಮಿಯಂ 12,000. ಇನ್ನುಳಿದ 40 ಗಟ್ಟಿ ಆಸಾಮಿಗಳೂ ಹೋದರೆ 20 ಜನ, 32,000. ಆಗ ವಿಮೆ ಎಂಬುದೇ ಉಳಿಯಲಿಲ್ಲ, ಅವರವರ ಬಿಲ್ಲು ಅವರವರೇ ಕಟ್ಟಿದ ಹಾಗೆ. ಇದನ್ನು ಇಂಗ್ಲಿಷಿನವರು ‘ಡೆತ್ ಸ್ಪೈರಲ್’ ಎನ್ನುತ್ತಾರೆ. ‘ಸಾವಿನ ಸುರುಳಿ’ ಎಂದರೆ ಪತ್ತೇದಾರಿ ಕಾದಂಬರಿಯ ಹೆಸರಾದೀತು. ‘ದರದ ಸುಳಿ’ ಸಾಕು. ಅಳಿವೆ ಬಾಗಿಲು ನೋಡಿದವರಿಗೆ ಸುಳಿ ಎಂದರೆ ಏನೆಂದು ವಿವರಿಸಬೇಕಿಲ್ಲ.

ಈ ಲೆಕ್ಕ ಕೊಟ್ಟ ಮೇಲೆ ‘ಮ್ಯಾಂಡೇಟ್’ ಯಾಕೆ ಬಂತೆಂದು ತಾನಾಗಿ ತಿಳಿಯುತ್ತದೆ. ಕಂಪನಿ ಯಾರನ್ನೂ ವಾಪಸ್ ಕಳಿಸಬಾರದು, ದರವೂ ಒಂದೇ ಇರಬೇಕು ಎಂದರೆ, ಕಾಯಿಲೆ ಬಂದ ಮೇಲೆ ಸೇರಿದರಾಯಿತು ಎಂದು ಎಲ್ಲರೂ ಕಾಯುತ್ತಾರೆ. ಅದನ್ನು ತಡೆಯಲು ‘ವಿಮೆ ಕಡ್ಡಾಯ’. ‘ಕಡ್ಡಾಯ ವಿಮೆ’ ಎಂದು ತಿರುಗಿಸಿ ಬರೆಯಬೇಡಿ, ಗಾಡಿಯ ಥರ್ಡ್ ಪಾರ್ಟಿ ವಿಮೆಯ ನೆನಪಾಗುತ್ತದೆ. ವಿಮೆ ಮಾಡದವನು ಕಟ್ಟಬೇಕಾದ ಹಣ ‘ದಂಡ’ವೋ ‘ತೆರಿಗೆ’ಯೋ ಎಂಬ ಪ್ರಶ್ನೆಯ ಮೇಲೆಯೇ 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಕಾಯ್ದೆಯ ಹಣೆಬರಹ ನಿಂತಿತ್ತು. ಅಲ್ಲಿನ ಸಂಸತ್ತಿಗಿರುವ ವ್ಯಾಪಾರ ನಿಯಂತ್ರಿಸುವ ಅಧಿಕಾರದಡಿ ಇದು ನಿಲ್ಲುವುದಿಲ್ಲ, ತೆರಿಗೆ ಎಂದು ಪರಿಗಣಿಸಿದರೆ ನಿಲ್ಲುತ್ತದೆ ಎಂದು 5–4ರ ತೀರ್ಪು ಬಂತು. ಆದ್ದರಿಂದ ಆ ಪ್ಯಾರಾದಲ್ಲಿ ಎರಡು ಪದಗಳನ್ನೂ ಮನಸ್ಸಿಗೆ ಬಂದಂತೆ ಅದಲುಬದಲು ಮಾಡಬೇಡಿ. 2017ರ ತೆರಿಗೆ ಕಾನೂನು ಆ ಮೊತ್ತವನ್ನು 2019ರಿಂದ ಸೊನ್ನೆಗೆ ಇಳಿಸಿದೆ. ಕರಡಿನಲ್ಲಿ ‘ದಂಡ ಕಟ್ಟಬೇಕು’ ಎಂದು ವರ್ತಮಾನದಲ್ಲಿದ್ದರೆ ‘ಕಟ್ಟಬೇಕಿತ್ತು’ ಮಾಡಿ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಅವರದೇ ನಿಯಮ ಇದೆ.

‘ಸುಧಾರಣೆ’ಯೂ ಅಷ್ಟು ಮುಗ್ಧ ಪದ ಏನಲ್ಲ. ಒಳ್ಳೆಯದಾಗುತ್ತದೆ ಎಂಬ ತೀರ್ಪು ಅದರೊಳಗೇ ಕೂತಿದೆ. ಕಾಯ್ದೆ ತಂದವರೂ ಸುಧಾರಣೆ ಎಂದರು, ರದ್ದು ಮಾಡಹೊರಟವರೂ ಸುಧಾರಣೆ ಎಂದರು. ಲೇಖಕರದ್ದೇ ಮಾತಾಗಿರುವ ಕಡೆ ‘ಬದಲಾವಣೆ’ ಸಾಕು. (ನಮ್ಮಲ್ಲಿ ‘ಹೇಗಾದರೂ ಸುಧಾರಿಸುವ’ ಎಂದರೆ ಇದ್ದದ್ದರಲ್ಲೇ ನಿಭಾಯಿಸುವುದು. ಕೆಲವು ಸಲ ಅದೇ ಹೆಚ್ಚು ಸತ್ಯ!)

ಉತ್ತರ 2 (ಮಂಗಳೂರಿನಿಂದ)

‘ಹಳೆ ಕಾಯಿಲೆ’ ಬೇಡ. ಹತ್ತು ವರ್ಷದ ಹಿಂದೆ ಬಂದು ವಾಸಿಯಾದ ಟೈಫಾಯ್ಡ್ ಹಳೆಯದೇ, ಆದರೆ ವಿಮೆಯ ಅರ್ಥದಲ್ಲಿ ಇದಕ್ಕೆ ಸೇರುವುದಿಲ್ಲ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯಂತೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಮಾಡಿದ್ದು ಅಥವಾ ಸಲಹೆ, ಚಿಕಿತ್ಸೆ ಕೊಟ್ಟದ್ದು ಮಾತ್ರ. ‘ಮೊದಲೇ ಇದ್ದ ಕಾಯಿಲೆ’ ಎನ್ನಿ. ‘ಪೂರ್ವ ಅಸ್ತಿತ್ವದಲ್ಲಿರುವ ರೋಗ’ ಎಂಬ ಪಾಲಿಸಿ ಕಾಗದದ ಭಾಷೆ ಯಾರ ಬಾಯಲ್ಲೂ ಇಲ್ಲ.

ಇಲ್ಲೊಂದು ಗುಂಡಿ ಇದೆ. ಅಂಥ ಕಾಯಿಲೆಗೆ ಕ್ಲೇಮು ಸಿಗಲು ಕಾಯಬೇಕಾದ ಗರಿಷ್ಠ ಅವಧಿಯೂ 36 ತಿಂಗಳು, 2024ರ ಏಪ್ರಿಲ್ 1ಕ್ಕೆ ಮೊದಲು 48 ಇತ್ತು. ಒಂದು 36 ಹಿಂದಕ್ಕೆ ಎಣಿಸುವುದು, ಇನ್ನೊಂದು ಮುಂದಕ್ಕೆ. ಅನುವಾದದಲ್ಲಿ ಇವೆರಡು ಒಂದಾಗಿಬಿಟ್ಟರೆ, ಮೂರು ವರ್ಷ ಮುಚ್ಚಿಟ್ಟರೆ ಸಾಕು ಎಂಬ ಅರ್ಥ ಬಂದೀತು. ಮುಚ್ಚಿಟ್ಟದ್ದರ ಲೆಕ್ಕ ಬೇರೆ: 60 ತಿಂಗಳು ಎಡೆಬಿಡದೆ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು ಆ ನೆಪದಲ್ಲಿ ಕ್ಲೇಮು ತಿರಸ್ಕರಿಸುವಂತಿಲ್ಲ.

‘ವಿಮಾ ಕಂತು’ ಬಗ್ಗೆಯೂ ಒಂದು ಮಾತು. ಪಿಗ್ಮಿ ಹುಟ್ಟಿದ ಜಿಲ್ಲೆಯಲ್ಲಿ ಕಂತು ಎಂದರೆ ಕೂಡಿ ಬರುವ ದುಡ್ಡು, ಇಲ್ಲವೇ ತೀರುವ ಸಾಲ. ವರ್ಷ ಮುಗಿದಾಗ ಏನೂ ವಾಪಸ್ ಬಾರದ ಹಣಕ್ಕೆ ‘ಪ್ರೀಮಿಯಂ’ ಎಂದೇ ಬರೆಯಿರಿ, ಎಲ್ಲರಿಗೂ ಗೊತ್ತಿರುವ ಪದ.

‘ಡಿಡಕ್ಟಿಬಲ್’ ಕರಡಿನಲ್ಲಿ ‘ಕಡಿತ’ ಆಗಿದ್ದರೆ ಅದನ್ನೂ ತೆಗೆಯಿರಿ, ಸಂಬಳದಿಂದ ಹಿಡಿದುಕೊಳ್ಳುವುದು ಕಡಿತ. ಇದು ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತ, ‘ಮೊದಲ ಹೊರೆ’. ಬಿಲ್ಲು 2 ಲಕ್ಷ, ಮೊದಲ ಹೊರೆ 50,000, ಸಹಪಾವತಿ (ಬಿಲ್ಲಿನಲ್ಲಿ ನಾವು ಕೊಡಬೇಕಾದ ಪಾಲು) ಶೇ. 10 ಎಂದಿಟ್ಟುಕೊಳ್ಳಿ. ಮೊದಲು 50,000 ಕಳೆದು, ಉಳಿದ ಒಂದೂವರೆ ಲಕ್ಷದ ಮೇಲೆ ಶೇ. 10 ಹಾಕಿದರೆ ಕೈಯಿಂದ ಹೋಗುವುದು 65,000. ಇಡೀ ಬಿಲ್ಲಿನ ಮೇಲೆ ಶೇ. 10 ಹಾಕಿದರೆ 70,000 ಆಗುತ್ತದೆ. ಯಾವುದು ಮೊದಲು ಎಂದು ಬರೆಯದಿದ್ದರೆ ಓದುಗನ ಲೆಕ್ಕ ತಾಳೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

‘ಓರೆ ಸೇರ್ಪಡೆ’, ‘ಸಮದರ’, ‘ಮೊದಲ ಹೊರೆ’ ಮೂರೂ ಒಪ್ಪಿಗೆ. ‘ದರದ ಸುಳಿ’ ಶೀರ್ಷಿಕೆಗೇ ಹೋಗಬಹುದು. ಕಾರ್ಡಿನ ಪ್ಯಾರಾ?

ಉತ್ತರ 1

ಆಸ್ಪತ್ರೆ ಕೌಂಟರಿನಲ್ಲಿ ‘ಕಾರ್ಡ್ ಉಂಟಾ?’ ಎಂದು ಒಂದೇ ಪ್ರಶ್ನೆ, ಆದರೆ ಕಾರ್ಡು ಮೂರು ಜಾತಿಯದ್ದು. ಕಂಪನಿ ವಿಮೆಯ ಕಾರ್ಡು ಒಂದು. ಮಣಿಪಾಲ ಆರೋಗ್ಯ ಕಾರ್ಡ್ ಇನ್ನೊಂದು, ಅದು ಬಿಲ್ಲಿನಲ್ಲಿ ರಿಯಾಯಿತಿ ಕೊಡುವಂಥದ್ದು, ವಿಮೆಯಲ್ಲ. ಮೂರನೆಯದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಅಲ್ಲಿ ವಿಮಾ ಕಂಪನಿ ನಡುವೆ ಇಲ್ಲ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರವೇ ಆಸ್ಪತ್ರೆಗೆ ಪಾವತಿ ಮಾಡುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ತುರ್ತು ಇಲ್ಲದಾಗ ವೆನ್ಲಾಕ್, ಅಜ್ಜರಕಾಡಿನಂಥ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಮೊದಲನೆಯದಕ್ಕೆ ‘ವಿಮೆ’, ಎರಡನೆಯದಕ್ಕೆ ‘ರಿಯಾಯಿತಿ ಕಾರ್ಡ್’, ಮೂರನೆಯದಕ್ಕೆ ‘ಯೋಜನೆ’ ಎಂದು ಬರೆಯಿರಿ. ಪ್ರೀಮಿಯಂ ಇಲ್ಲದ ಕಡೆ ಓರೆ ಸೇರ್ಪಡೆಯ ಮಾತೂ ಹುಟ್ಟುವುದಿಲ್ಲ, ಆ ಪ್ಯಾರಾವನ್ನು ಲೆಕ್ಕದ ಪಕ್ಕದಿಂದ ದೂರ ಇಡಿ.